ನಗೆಯ ಮನೆಯಲ್ಲಿ ಒಂದು ರಾತ್ರಿ

ಮೂವತ್ತನಾಲ್ಕು ವರ್ಷ ಪಾಠಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸಿ ನಿವೃತ್ತನಾಗಿರುವ ನನ್ನಂಥವನು ಹಣವನ್ನು ಕೊಟ್ಟು ನಗಲು ಹೋದನೆಂದರೆ ನಿಮಗೆ ವಿಚಿತ್ರವೆನಿಸಬಹುದು. ನಗುವು ಮನೆಯಲ್ಲಿಯೇ ದೊರೆಯತಕ್ಕ ವಸ್ತು. ಅದಕ್ಕೆ ಚೀಟಿಯೇಕೆ ಎಂದು ನಾನೂ ಮಗಳನ್ನು ಕೇಳಿದೆನು. "ಒಮ್ಮೆ ಬಂದು ನೋಡಿ, ಆಮೇಲೆ ಆಕ್ಷೇಪಿಸಿ" ಎಂದಳು. ನೋಡದೆ ಖಂಡಿಸುವುದು ನ್ಯಾಯವಲ್ಲವಷ್ಟೆ, ಹೊರಟೆನು.

ಬೆಂಗಳೂರಿನ ಇಂದಿರಾನಗರದಲ್ಲಿ ಒಂದು ಕಟ್ಟಡದ ಮೇಲಂತಸ್ತಿನಲ್ಲಿ ಆ ಕಾಮೆಡಿ ಕ್ಲಬ್ಬು ಇರುವುದು. ನಾನು ನಾಟಕಶಾಲೆಯೊಂದನ್ನು ನಿರೀಕ್ಷಿಸಿದ್ದೆನು. ಕಂಡದ್ದಾದರೋ ಪಾಠದ ಕೊಠಡಿಗಿಂತ ತುಸು ದೊಡ್ಡದಾದ ಕೋಣೆ. ತಗ್ಗಾದ ಸೂರು, ಒಂದಕ್ಕೊಂದು ತಗಲುವಂತೆ ಇಟ್ಟ ಕುರ್ಚಿಗಳು, ಗೇಣೆತ್ತರದ ಜಗಲಿ, ಅದರ ಮೇಲೊಂದು ಮೈಕು, ಒಂದು ಪೀಠ, ಒಂದು ನೀರಿನ ಸೀಸೆ. ತೆರೆಯಿಲ್ಲ, ವೇಷವಿಲ್ಲ, ವಾದ್ಯವಿಲ್ಲ. ಇಷ್ಟು ಇಕ್ಕಟ್ಟು ಏಕೆಂಬುದು ಸ್ವಲ್ಪ ಹೊತ್ತಿನಲ್ಲಿಯೇ ತಿಳಿಯಿತು. ನಗೆಯು ಅಂಟುವ ಗುಣವುಳ್ಳದ್ದು. ಒತ್ತಾಗಿ ಕುಳಿತಲ್ಲಿ ಬೇಗನೆ ಹತ್ತುವುದು. ತಗ್ಗು ಸೂರು ಅದನ್ನು ಕೆಳಕ್ಕೆ ಮರಳಿಸುವುದು. ಸಭಿಕರ ಮೇಲೆ ಕತ್ತಲೆಯಿರುವುದರಿಂದ ಲಜ್ಜೆಯೂ ಸಡಿಲವಾಗುವುದು.

ಜಗಲಿಯ ಹಿಂದೆ ಗಾರೆ ಬಳಿಯದ ಇಟ್ಟಿಗೆಯ ಗೋಡೆಯಿತ್ತು. ಬಡತನದ ಗುರುತೆಂದು ನಾನು ಭಾವಿಸಿದೆನು. ಸಂಪ್ರದಾಯವೆಂದು ಮಗಳು ತಿಳಿಸಿದಳು. ೧೯೬೩ರಲ್ಲಿ ನ್ಯೂಯಾರ್ಕಿನಲ್ಲಿ ಬಡ್ ಫ್ರೀಡ್‌ಮನ್ನರು ತೆರೆದ ‘ಇಂಪ್ರೊವೈಸೇಷನ್’ ಎಂಬ ಶಾಲೆಯ ಗೋಡೆ ಹಾಗಿತ್ತಂತೆ. ಅನಂತರ ಬಂದವರು ಅನೇಕರು ಅದನ್ನೇ ಅನುಕರಿಸಿದರು. ೧೯೭೨ರಲ್ಲಿ ಲಾಸ್ ಏಂಜಲೀಸಿನಲ್ಲಿಯೂ ೧೯೭೯ರಲ್ಲಿ ಲಂಡನ್ನಿನಲ್ಲಿಯೂ ‘ಕಾಮೆಡಿ ಸ್ಟೋರ್’ ಎಂಬ ಹೆಸರಿನ ಶಾಲೆಗಳು ತೆರೆದುವು. ಲಂಡನ್ನಿನಲ್ಲಿ ಮೊದಮೊದಲು ರುಚಿಸದವನನ್ನು ಜಾಗಟೆ ಬಾರಿಸಿ ಇಳಿಸುತ್ತಿದ್ದರು. ೨೦೧೦ರಲ್ಲಿ ಆ ಹೆಸರು ಮುಂಬಯಿಗೂ ಬಂದಿತು.

ಆ ರಾತ್ರಿ ಹೊಸಬರ ಸರದಿ. ಒಬ್ಬೊಬ್ಬರಿಗೆ ಐದೇ ನಿಮಿಷ; ಕಾಲ ಮುಗಿಯುತ್ತ ಬಂದಿತೆಂದು ತಿಳಿಸಲು ಸಭೆಯ ಹಿಂದಿನಿಂದ ಸಣ್ಣ ದೀಪವೊಂದನ್ನು ಬೆಳಗುವರು. ಇದೆಲ್ಲ ಪಾಶ್ಚಾತ್ಯರಿಂದ ಬಂದುದೇ ಆದರೂ ಒಬ್ಬನೇ ನಿಂತು ಸಭೆಯನ್ನು ರಂಜಿಸುವುದು ನಮಗೆ ಹೊಸದಲ್ಲ. ದಶರೂಪಕಗಳಲ್ಲಿ ‘ಭಾಣ’ವೆಂಬುದುಂಟು. ಅದರಲ್ಲಿ ಒಬ್ಬನೇ ಪಾತ್ರಧಾರಿಯು ಇಲ್ಲದವರೊಡನೆ ಮಾತನಾಡಿ, "ಏನೆನ್ನುವೆ?" ಎಂದು ಅವರ ಉತ್ತರವನ್ನು ತಾನೇ ಹೇಳುವನು. ಅಂಥ ನಾಲ್ಕು ಹಳೆಯ ಭಾಣಗಳು ೧೯೨೨ರಲ್ಲಿ ‘ಚತುರ್ಭಾಣೀ’ ಎಂದು ಅಚ್ಚಾದುವು. ಕೇರಳದ ಚಾಕ್ಯಾರನು ದೇವಾಲಯದ ಕೂತ್ತಿನಲ್ಲಿ ಪುರಾಣವನ್ನು ಹೇಳುತ್ತ ಎದುರಿಗೆ ಕುಳಿತವರನ್ನೂ ಹಾಸ್ಯಮಾಡುವನು. ನಮ್ಮ ಹರಿಕಥೆಯ ದಾಸರ ಉಪಕಥೆಗಳನ್ನು ಕೇಳಿ ನಗದವರಾರು?

ಮೊದಲು ಬಂದವರಲ್ಲಿ ಕೆಲವರು ನಗಿಸಿದರು, ಕೆಲವರು ಬೆವರಿದರು. ಏಳನೆಯವನು ಇಪ್ಪತ್ತೈದರ ಆಸುಪಾಸಿನ ಯುವಕ. ಮೊದಲ ಅಕ್ಷರವೇ ಅವನ ನಾಲಗೆಯಲ್ಲಿ ಸಿಕ್ಕಿಕೊಂಡಿತು. ಅವನು ತೊದಲುವವನು. ಸಭೆಯು ಸ್ತಬ್ಧವಾಯಿತು. ಅವನು ಅವಸರಪಡದೆ ನಿಂತು, "ಗಾಬರಿಯಾಗಬೇಡಿ. ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಅದರಲ್ಲಿ ಮೂರು ನನ್ನ ಹೆಸರಿಗೇ ಬೇಕು" ಎಂದನು. ಸಭೆ ಉಸಿರು ಬಿಟ್ಟು ನಕ್ಕಿತು. ಬಸ್ಸಿನಲ್ಲಿ ಮಲ್ಲೇಶ್ವರಕ್ಕೆ ಚೀಟಿ ಕೇಳಹೊರಟರೆ ‘ಮ’ ಎನ್ನುವಷ್ಟರಲ್ಲಿ ಮೆಜೆಸ್ಟಿಕ್ ಬಂದಿರುವುದಂತೆ. ಅದೂ ಮಕಾರವೇ ಆದ್ದರಿಂದ ಅಲ್ಲಿಯೇ ಇಳಿದುಬಿಡುವನಂತೆ. ನಾನು ಪಕ್ಕೆ ಹಿಡಿದುಕೊಂಡು ನಕ್ಕೆನು. ಭರತಮುನಿಯು ಹೇಳಿದ ಆರು ಬಗೆಯ ನಗೆಗಳಲ್ಲಿ ಇದು ಕಡೆಯದಾದ ಅತಿಹಸಿತ, ಅಧಮರ ಲಕ್ಷಣ. ಆದರೂ ನಕ್ಕೆನು.

ಆಮೇಲೆ ಅವನು ಶಾಲೆಯ ಮಾತೆತ್ತಿದನು. "ಹಾಜರಿ ಕರೆದಾಗ ನಾನು ‘ಹಾಜರ್’ ಎನ್ನುವಷ್ಟರಲ್ಲಿ ಮೇಷ್ಟರು ಗೈರುಹಾಜರಿ ಹಾಕಿಬಿಡುತ್ತಿದ್ದರು. ಹತ್ತು ವರ್ಷ ದಿನವೂ ಶಾಲೆಗೆ ಹೋದೆ. ಪುಸ್ತಕದ ಪ್ರಕಾರ ಶಾಲೆಯ ಮುಖವನ್ನೇ ನೋಡಿದವನಲ್ಲ." ಎಲ್ಲರೂ ನಕ್ಕರು. ನನ್ನ ನಗು ನಿಂತುಹೋಯಿತು.

ಸುಮಾರು ಮೂವತ್ತು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ತೊದಲುವ ಹುಡುಗನೊಬ್ಬನಿದ್ದನು. ಒಂದು ದಿನ ರಾಮಶಬ್ದವನ್ನು ಒಪ್ಪಿಸಲು ನಿಂತವನು ರಾಕಾರದಲ್ಲಿಯೇ ಉಳಿದನು. ನಾನು ಅವನಂತೆಯೇ ತೊದಲಿ, "ರಾಮನು ಬರುವಷ್ಟರಲ್ಲಿ ರಾವಣನೇ ಬಂದಾನು" ಎಂದೆನು. ನಲವತ್ತು ಮಕ್ಕಳು ಘೊಳ್ಳೆಂದು ನಕ್ಕರು. ನನ್ನ ಚಾತುರ್ಯಕ್ಕೆ ನಾನೇ ಮೆಚ್ಚಿ, ಮನೆಯಲ್ಲಿ ಹೆಂಡತಿಗೂ ಹೇಳಿದೆನು. ಅವಳು ನಗಲಿಲ್ಲ. ಆ ಹುಡುಗನು ವರ್ಷ ಮುಗಿಯುವವರೆಗೆ ನನ್ನ ಮುಂದೆ ಮತ್ತೆ ಬಾಯಿ ತೆರೆಯಲಿಲ್ಲ. ಕೇಳಿದರೆ ತಲೆ ತಗ್ಗಿಸಿ ನಿಲ್ಲುವನು. ಕಂಠಪಾಠಕ್ಕೆ ಸೊನ್ನೆ ಹಾಕಿದೆನು. ಬರೆದ ಪರೀಕ್ಷೆಯಲ್ಲಿ ಅವನ ವಿಭಕ್ತಿಗಳಲ್ಲಿ ಒಂದು ತಪ್ಪೂ ಇರಲಿಲ್ಲ. ಅದನ್ನು ಕಂಡೂ ನಾನು ಯೋಚಿಸಲಿಲ್ಲ.

ತೊದಲು ಒಂದೇ, ನಗೆಯೂ ಒಂದೇ. ಆದರೆ ಆ ಯುವಕನು ತನ್ನ ತೊದಲನ್ನು ತಾನೇ ಎತ್ತಿಕೊಂಡು ಬಂದು ಸಭೆಗೆ ಕೊಟ್ಟನು. ಯಾವಾಗ ನಗಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಲಗಾಮು ಅವನ ಕೈಯಲ್ಲಿತ್ತು. ನನ್ನ ವಿದ್ಯಾರ್ಥಿಯ ಕೈಯಿಂದ ನಾನು ಅದನ್ನು ಕಿತ್ತುಕೊಂಡೆನು. ಹಾಸ್ಯರಸದ ಲಕ್ಷಣವನ್ನು ಅಷ್ಟು ವರ್ಷ ಬಾಯಿಪಾಠ ಮಾಡಿಸಿದವನಿಗೆ ಈ ಭೇದವು ಹೊಳೆಯಲಿಲ್ಲ.

ಪ್ರದರ್ಶನವು ಮುಗಿದ ಮೇಲೆ ಆ ಯುವಕನು ಬಾಗಿಲ ಬಳಿ ನಿಂತಿದ್ದನು. "ನೀವು ಮಧ್ಯದಲ್ಲಿ ನಗು ನಿಲ್ಲಿಸಿದಿರಿ. ಹಾಸ್ಯ ಕೆಟ್ಟಿತೆ?" ಎಂದು ಕೇಳಿದನು. "ಇಲ್ಲಪ್ಪ, ನಾನು ಮೇಷ್ಟರು" ಎಂದೆನು. ಅವನು ಅರ್ಥಮಾಡಿಕೊಂಡನೆಂದು ತೋರುತ್ತದೆ. ಕೈಹಿಡಿದು ಮೆಟ್ಟಿಲು ಇಳಿಸಿದನು.

ಹೋಗಬೇಕೆನ್ನುವ ಗೃಹಸ್ಥರಿಗೆ ಎರಡು ಮಾತು. ಅಲ್ಲಿಯ ಭಾಷೆ ಕೆಲವೊಮ್ಮೆ ಗ್ರಾಮ್ಯವಾಗುವುದರಿಂದ ಚಿಕ್ಕ ಮಕ್ಕಳನ್ನು ಕರೆದೊಯ್ಯತಕ್ಕದ್ದಲ್ಲ. ಮುಂದಿನ ಸಾಲಿನಲ್ಲಿ ಕುಳಿತವನು ಹಾಸ್ಯಕ್ಕೆ ಗುರಿಯಾಗಲು ಸಿದ್ಧನಾಗಿರಬೇಕು. ಹೋಗದವರಿಗೂ ಒಂದು ಮಾತುಂಟು. ಊಟದ ಮನೆಯಲ್ಲಿ ಮಗುವಿನ ಉಚ್ಚಾರವನ್ನೋ, ಸೊಸೆಯ ಅಡಿಗೆಯನ್ನೋ, ವೃದ್ಧರ ಕಿವುಡನ್ನೋ ಹಿಡಿದು ನಾವೆಲ್ಲರೂ ನಗುವುದುಂಟು. ಆಗ ಯಾರು ನಗುತ್ತಿಲ್ಲವೆಂಬುದನ್ನು ಒಮ್ಮೆ ತಿರುಗಿ ನೋಡಿರಿ. ನಾನು ಅಂದು ನೋಡಬೇಕಾಗಿತ್ತು.