ಜಪಮಾಲೆಯೂ ನಾಡಿಪರೀಕ್ಷೆಯೂ

ರೋಗಿಯ ಹಾಸಿಗೆಯ ಬಳಿ ನಿಂತ ವೈದ್ಯನಿಗೆ ದೇವರ ನೆನಪು ಬೇಕೆ? ಬೇಡವೆನ್ನುವವರು ಹಲವರು. ಜ್ವರಕ್ಕೆ ಜಾತಿಯಿಲ್ಲ, ಔಷಧಕ್ಕೆ ಮತವಿಲ್ಲ. ಆಸ್ತಿಕನು ಕೊಟ್ಟ ಕ್ವಿನೈನಿನಷ್ಟೇ ನಾಸ್ತಿಕನು ಕೊಟ್ಟ ಕ್ವಿನೈನೂ ಕಹಿ, ಅಷ್ಟೇ ಗುಣಕಾರಿ ಎಂಬುದು ಅವರ ವಾದ. ಈ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಔಷಧವನ್ನು ನೀಡುವ ಕೈ ಅಲ್ಲಿಗೆ ಏಕೆ ಬಂದಿತು, ನೀಡಿ ನೀಡಿ ದಣಿದ ಮೇಲೂ ಏಕೆ ಹಿಂದೆ ಸರಿಯಲಿಲ್ಲ ಎಂಬ ಪ್ರಶ್ನೆಗೆ ರಸಾಯನಶಾಸ್ತ್ರವು ಉತ್ತರ ಹೇಳಲಾರದು. ಕಾಯಕವೆಂಬ ಮಾತನ್ನು 12ನೆಯ ಶತಮಾನದಿಂದಲೂ ಕೇಳಿ ಬಂದಿರುವ ಕನ್ನಡಿಗರಿಗೆ ಈ ಪ್ರಶ್ನೆ ಅಪರಿಚಿತವಾದುದಲ್ಲ.

ಕ್ಯಾಥೊಲಿಕ್ ಕ್ರೈಸ್ತರಲ್ಲಿ ಇದಕ್ಕೆ ಬಹು ಹಳೆಯದೊಂದು ಉತ್ತರವಿದೆ. ಅಂತಿಮ ತೀರ್ಪಿನ ದಿನ, ರೋಗಿಯನ್ನು ಕಂಡು ಸಂತೈಸಿದವರು ತನ್ನನ್ನೇ ಸಂತೈಸಿದವರೆಂದು ಕ್ರಿಸ್ತನು ಹೇಳುವನೆಂದು ಮತ್ತಾಯನ ಸುವಾರ್ತೆ ತಿಳಿಸುತ್ತದೆ. ಹಾಗೆಂದ ಮೇಲೆ ರೋಗಿಯು ನಮ್ಮ ದಯೆಗೆ ಕಾದು ಬಿದ್ದಿರುವ ದೀನನಲ್ಲ. ಪೂಜೆಗೆ ಅರ್ಹನಾದ ಅತಿಥಿ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧಿಯನ್ನು ಹಂಚತೊಡಗಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನು ಕಟ್ಟಿದ ಜೆಸುಯಿಟ್ ಪಾದ್ರಿ ಆಗಸ್ಟಸ್ ಮುಲ್ಲರರ ಬಾಳಿನ ಬೇರು ಈ ಭಾವನೆಯಲ್ಲಿದೆ.

ವಿಚಿತ್ರವೆಂದರೆ, ರೋಗಿಯಲ್ಲಿ ದೇವರನ್ನು ಕಾಣೆಂದು ಬೋಧಿಸಿದ ಚರ್ಚೇ ತನ್ನ ವಿರಕ್ತರಿಗೆ ವೈದ್ಯವಿದ್ಯೆಯ ಬಾಗಿಲನ್ನು ಬಹುಕಾಲ ಮುಚ್ಚಿಟ್ಟಿತ್ತು. 1215ರ ಲ್ಯಾಟರನ್ ಮಹಾಸಭೆಯು ಮೇಲ್ದರ್ಜೆಯ ಯಾಜಕರಿಗೆ ಶಸ್ತ್ರಚಿಕಿತ್ಸೆಯನ್ನು ನಿಷೇಧಿಸಿತು. ಪೋಪರ ವಿಶೇಷಾನುಮತಿಯಿಲ್ಲದೆ ವೈದ್ಯವೃತ್ತಿಯನ್ನು ನಡೆಸಬಾರದೆಂಬ ವಿಧಿ 1917ರ ಧರ್ಮಸಂಹಿತೆಯಲ್ಲಿಯೂ ಉಳಿದುಬಂದಿತು. ಸನ್ಯಾಸಿನಿಯು ರೋಗಿಯ ಹಣೆಯ ಬೆವರನ್ನು ಒರಸಬಹುದಾಗಿತ್ತು. ಹೆರಿಗೆಯ ಕೋಣೆಗೆ ಮಾತ್ರ ಆಕೆಗೆ ಪ್ರವೇಶವಿರಲಿಲ್ಲ. ವ್ರತದ ಪಾವಿತ್ರ್ಯವನ್ನು ಕಾಯುವುದು ವಿಧಿಯ ಉದ್ದೇಶ. ಆದರೆ ಅದರ ಫಲವನ್ನು ಉಂಡವರು ಯಾರು? ಪುರುಷವೈದ್ಯನ ಮುಂದೆ ಬರಲೊಲ್ಲದೆ ಗೋಷೆಯ ಮರೆಯಲ್ಲಿಯೇ ಪ್ರಾಣಬಿಡುತ್ತಿದ್ದ ನಮ್ಮ ನಾಡಿನ ತಾಯಂದಿರು.

ಈ ಸಂಕಟವನ್ನು ಕಂಡು ಮರುಗಿದವರಲ್ಲಿ ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್ಲಾರೆನ್ ಮುಖ್ಯರು. ಅರುವತ್ತು ದಾಟಿದ ವಯಸ್ಸಿನಲ್ಲಿ ಕ್ಯಾಥೊಲಿಕರಾದ ಇವರು ರಾವಲ್ಪಿಂಡಿಯಲ್ಲಿ ಸ್ತ್ರೀಯರ ಆಸ್ಪತ್ರೆಯೊಂದಕ್ಕೆ ಕಾರಣರಾದರು. ಸನ್ಯಾಸಿನಿಯರಿಗೆ ವೈದ್ಯವೃತ್ತಿಯ ಅನುಮತಿ ದೊರೆಯಲೆಂದು ಮತ್ತೆ ಮತ್ತೆ ರೋಮಿನ ಕದವನ್ನು ತಟ್ಟಿದರು. 1913ರಲ್ಲಿ ಅವರು ತೀರಿಕೊಂಡಾಗ ಕದ ಇನ್ನೂ ತೆರೆದಿರಲಿಲ್ಲ. ಆದರೆ ತಟ್ಟಿದ ಸದ್ದು ದೂರ ಹೋಗಿತ್ತು.

ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಆ ಸದ್ದನ್ನು ಕೇಳಿದವರು ಮೇರಿ ಗ್ಲೌರಿ. 1887ರಲ್ಲಿ ವಿಕ್ಟೋರಿಯ ಪ್ರಾಂತದ ಬಿರೆಗರ‍್ರ ಎಂಬ ಊರಿನಲ್ಲಿ ಜನಿಸಿ, 1910ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾನಿಲಯದ ವೈದ್ಯಪದವಿಯನ್ನು ಪಡೆದು, ನಗರದಲ್ಲಿ ಒಳ್ಳೆಯ ಹೆಸರು ಗಳಿಸಿದ್ದ ವೈದ್ಯೆ ಈಕೆ. 1915ರಲ್ಲಿ ಮೆಕ್ಲಾರೆನ್ನರ ಸಾಧನೆಯನ್ನೂ ಭಾರತದ ತಾಯಿಮಕ್ಕಳ ದುರವಸ್ಥೆಯನ್ನೂ ಕುರಿತ ಪುಟ್ಟ ಹೊತ್ತಗೆಯೊಂದು ಅವರ ಕೈಗೆ ಬಂದಿತು. ಓದಿ ಮುಗಿಸುವಷ್ಟರಲ್ಲಿ ಬಾಳಿನ ದಿಕ್ಕು ಬದಲಾಗಿತ್ತು. ಆದರೆ ಅವರು ಆತುರಪಡಲಿಲ್ಲ. ಹೋಗುವ ನಾಡಿಗೆ ಏನು ಬೇಕೆಂದು ಅರಿತು, ಪ್ರಸೂತಿ, ಸ್ತ್ರೀರೋಗ ಹಾಗೂ ನೇತ್ರಚಿಕಿತ್ಸೆಗಳನ್ನು ವಿಶೇಷವಾಗಿ ಅಭ್ಯಸಿಸಿ 1919ರಲ್ಲಿ ಎಂ.ಡಿ. ಪದವಿಯನ್ನು ಪಡೆದರು. ಮರುವರ್ಷ ಗುಂಟೂರಿಗೆ ಬಂದು, ಡಚ್ ಮೂಲದ ಯೇಸು ಮೇರಿ ಜೋಸೆಫರ ಸಂಘವನ್ನು ಸೇರಿದರು. ಸನ್ಯಾಸಿನಿಯಾಗಿದ್ದೂ ವೈದ್ಯವೃತ್ತಿಯನ್ನು ನಡೆಸಲು ಪೋಪ್ ಹದಿನೈದನೆಯ ಬೆನೆಡಿಕ್ಟರ ಅನುಮತಿ ಅವರಿಗೆ ದೊರೆಯಿತು.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಭಕ್ತಿಯಿದೆಯೆಂದು ವಿದ್ಯೆಯಲ್ಲಿ ರಿಯಾಯಿತಿ ಬೇಡುವವರನ್ನು ನಾವು ಎಲ್ಲ ಮತಗಳಲ್ಲಿಯೂ ಕಂಡಿದ್ದೇವೆ. ಗ್ಲೌರಿಯವರು ಅಂಥವರಲ್ಲ. ಅರೆಬರೆ ಕಲಿತ ವೈದ್ಯನ ಸದ್ಭಾವನೆ ರೋಗಿಯ ಪ್ರಾಣವನ್ನು ಉಳಿಸಲಾರದು; ಪ್ರಾರ್ಥನೆಯು ಅಧ್ಯಯನದ ಬದಲಿಗೆ ನಿಲ್ಲುವ ವಸ್ತುವಲ್ಲ. ಗುಂಟೂರಿನ ಸಂತ ಜೋಸೆಫರ ಆಸ್ಪತ್ರೆ ಬೆಳೆದುದು ಈ ಎರಡನ್ನೂ ಕೂಡಿ ನಡೆಸಿದ ನಿಷ್ಠೆಯಿಂದ. ಸ್ಥಳೀಯ ಹೆಣ್ಣುಮಕ್ಕಳಿಗೆ ಶುಶ್ರೂಷೆಯನ್ನೂ ಔಷಧ ತಯಾರಿಕೆಯನ್ನೂ ಕಲಿಸಿ, ತಾವಿಲ್ಲದಾಗಲೂ ಕೆಲಸ ನಿಲ್ಲದಂತೆ ಅವರು ನೋಡಿಕೊಂಡರು.

1936ರಲ್ಲಿ ರೋಮ್ ತನ್ನ ಹಳೆಯ ನಿಲುವನ್ನು ಸಡಿಲಿಸಿತು. ಧರ್ಮಸಂಘಗಳ ಸೋದರಿಯರು ವೈದ್ಯಶಾಸ್ತ್ರವನ್ನು ಕಲಿತು ಪ್ರಸೂತಿಕಾರ್ಯವನ್ನೂ ಕೈಗೊಳ್ಳಬಹುದೆಂದು ಆಜ್ಞೆಯಿತ್ತಿತು. ಏಳು ವರ್ಷಗಳ ತರುವಾಯ, 1943ರಲ್ಲಿ, ಗ್ಲೌರಿಯವರು ಕೆಲವು ಸೋದರಿಯರೊಡನೆ ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದರು. ಭಾರತದಲ್ಲಿ ಕ್ಯಾಥೊಲಿಕ್ ವೈದ್ಯಕೀಯ ಕಾಲೇಜೊಂದು ತಲೆಯೆತ್ತಬೇಕೆಂಬುದು ಅವರ ಹಂಬಲ. ಅದನ್ನು ಕಣ್ಣಾರೆ ಕಾಣುವ ಭಾಗ್ಯ ಅವರಿಗಿರಲಿಲ್ಲ. 1957ರ ಮೇ 5ರಂದು ನಮ್ಮ ಬೆಂಗಳೂರಿನಲ್ಲಿಯೇ ಅರ್ಬುದರೋಗದಿಂದ ಅಸುನೀಗಿದರು. ಆರು ವರ್ಷಗಳ ಅನಂತರ, 1963ರಲ್ಲಿ, ಅದೇ ನಗರದಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಪ್ರಾರಂಭವಾಯಿತು.

ಇಷ್ಟು ಹೇಳಿ ಕೈಮುಗಿದರೆ ಇದು ಸಂತಚರಿತ್ರೆಯಾದೀತು. ಕಠಿನವಾದ ಎರಡು ಪ್ರಶ್ನೆಗಳು ಇನ್ನೂ ಉಳಿದಿವೆ. ಮೊದಲನೆಯದು, ಔಷಧದ ಹಿಂದೆ ಮತಾಂತರದ ಬಲೆ ಇದೆಯೇ ಎಂಬುದು. ಮಧ್ಯಪ್ರದೇಶದ ನಿಯೋಗಿ ಸಮಿತಿಯು 1956ರ ತನ್ನ ವರದಿಯಲ್ಲಿ ಈ ಆಕ್ಷೇಪವನ್ನು ಸ್ಪಷ್ಟವಾಗಿಯೇ ಎತ್ತಿತು. ಬಡವರೊಡನೆ, ವಿದ್ಯೆಯಿಲ್ಲದವರೊಡನೆ ವ್ಯವಹರಿಸುವಾಗ ಬಲಾತ್ಕಾರದ ಸೋಂಕುಳ್ಳ ಅಥವಾ ಅನುಚಿತವಾದ ಮನವೊಲಿಕೆ ಸಲ್ಲದೆಂದು 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯೇ ಘೋಷಿಸಿತು. ನೋವಿನಿಂದ ನರಳುವವನಿಗೆ ಬೇಡವೆನ್ನುವ ಸ್ವಾತಂತ್ರ್ಯ ಎಷ್ಟರದು? ರೋಗಿಯಲ್ಲಿ ಕ್ರಿಸ್ತನನ್ನು ಕಾಣುವುದು ನಿಜವಾದರೆ, ಅವನ ದೌರ್ಬಲ್ಯವನ್ನು ಸಾಧನವಾಗಿ ಬಳಸುವುದು ದೈವದ್ರೋಹವೇ ಸರಿ.

ಎರಡನೆಯದು ಅಂತಃಸಾಕ್ಷಿಯ ಪ್ರಶ್ನೆ. ಗರ್ಭದಲ್ಲಿರುವ ಜೀವವೂ ತನ್ನ ರಕ್ಷಣೆಗೆ ಒಪ್ಪಿಸಲ್ಪಟ್ಟ ಜೀವವೆಂದು ಕ್ಯಾಥೊಲಿಕ್ ವೈದ್ಯನು ನಂಬುತ್ತಾನೆ. 1971ರ ಕಾಯಿದೆಯಾದರೋ ಕೆಲವು ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಅವಕಾಶವನ್ನು ಕೊಟ್ಟಿದೆ. ಎದುರಿಗೆ ಕುಳಿತ ಹೆಣ್ಣಿನ ಸಂಕಟವೂ ಸತ್ಯ, ವೈದ್ಯನ ನಂಬಿಕೆಯೂ ಸತ್ಯ. ಇದನ್ನು ಬಿಡಿಸುವ ಸೂತ್ರ ಯಾರ ಕೈಯಲ್ಲಿಯೂ ಇದ್ದಂತಿಲ್ಲ. ತಾನು ಮಾಡಲಾರದುದನ್ನು ಮುಚ್ಚುಮರೆಯಿಲ್ಲದೆ ಮೊದಲೇ ತಿಳಿಸುವುದು, ಆಕೆಯ ಪ್ರಾಣಕ್ಕೆ ಅಪಾಯ ಒದಗಿದಾಗ ಕೈಬಿಡದಿರುವುದು, ತೀರ್ಪು ಹೇಳುವ ನಾಲಗೆಯನ್ನು ಬಿಗಿಹಿಡಿಯುವುದು: ಇಷ್ಟನ್ನಾದರೂ ನಾವು ಆತನಿಂದ ನಿರೀಕ್ಷಿಸಬಹುದು.

ಗ್ಲೌರಿಯವರ ಬಾಳು ನಮಗೆ, ಅವರ ಮತದವರಲ್ಲದ ನಮಗೆ, ತೋರಿಸಿಕೊಡುವುದು ಇದನ್ನೇ. ಶ್ರದ್ಧೆಯು ಮನುಷ್ಯನನ್ನು ಸುಲಭವಾದ ಉತ್ತರಗಳ ಕಡೆಗೆ ಕರೆದೊಯ್ಯುವುದಿಲ್ಲ; ಹೆಚ್ಚು ಓದಲು, ಹೆಚ್ಚು ದುಡಿಯಲು, ತನ್ನದೇ ಚರ್ಚಿನ ಕದ ತೆರೆಯುವವರೆಗೆ ತಾಳ್ಮೆಯಿಂದ ಕಾಯಲು ಒತ್ತಾಯಿಸುತ್ತದೆ. ವೈದ್ಯರಾಗಲು ಹೊರಟಿರುವ ನಮ್ಮ ವಿದ್ಯಾರ್ಥಿಗಳು, ಅವರು ಯಾವ ದೇವರಿಗೇ ಕೈಮುಗಿಯಲಿ, ಮುಗಿಯದೆಯೇ ಇರಲಿ, ಈ ಒತ್ತಾಯವನ್ನು ಒಮ್ಮೆಯಾದರೂ ತಮ್ಮೊಳಗೆ ಅನುಭವಿಸುವಂತಾಗಲಿ.