ಸುಂಡಿಲಿ ಹಾಗೂ ‘ಒತ್ತಡ’ ಎಂಬ ಪದ: ಅರ್ಜಿದಾರರ ಮಾಹಿತಿಗಾಗಿ

ಸರ್ಕಾರಿ ಕಚೇರಿಗೆ ಸಲ್ಲಿಸುವ ಅರ್ಜಿಯಲ್ಲಿ ಬಳಸುವ ಒಂದು ಪದವು ಹಲವು ಸಂಗತಿಗಳನ್ನು ಸೂಚಿಸುವಂತಿದ್ದಲ್ಲಿ, ಅರ್ಜಿಯು ಸೂಕ್ತ ಶಾಖೆಯನ್ನು ತಲುಪಲು ವಿಳಂಬವಾಗುತ್ತದೆ. ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳ ಸಾರ್ವಜನಿಕರಿಗೆ ಚಿರಪರಿಚಿತವಾದ ‘ಇಲಿ’ ಮತ್ತು ‘ಒತ್ತಡ’ ಎಂಬ ಎರಡು ಪದಗಳ ಬಗ್ಗೆ ಇಲ್ಲಿ ವಿವರಿಸಲಾಗಿದೆ.

ಸಂಜೆಯಾದೊಡನೆ ಬಚ್ಚಲಿನ ಬಿಲದಿಂದ ಹೊರಬಂದು, ಚಿಕ್ ಚಿಕ್ ಎಂದು ಸದ್ದು ಮಾಡುತ್ತ ಗೋಡೆಯಂಚಿನಲ್ಲೇ ಓಡುವ ಪ್ರಾಣಿಯನ್ನು ಸುಂಡಿಲಿ ಅಥವಾ ಸೊಂಡಿಲಿ ಎನ್ನುತ್ತಾರೆ. ಉರ್ದು ಮಾತನಾಡುವ ಮನೆಗಳಲ್ಲಿ ಇದು ಛಛೂಂದರ್. ಹೆಸರಿನಲ್ಲಿ ‘ಇಲಿ’ ಇದ್ದರೂ ಇದು ಇಲಿಯಲ್ಲ. ಇಲಿ, ಹೆಗ್ಗಣ, ಅಳಿಲುಗಳು ಉಳಿಯಂತಹ ಮುಂಹಲ್ಲುಗಳಿಂದ ಕೊರೆಯುವ ದಂಶಕಗಳ ಗುಂಪಿಗೆ ಸೇರಿದವು. ಸುಂಡಿಲಿಯು ಬೇರೆಯೇ ಗುಂಪಿಗೆ ಸೇರಿದ, ಮುಖ್ಯವಾಗಿ ಕೀಟಗಳನ್ನು ತಿಂದು ಬದುಕುವ ಸಣ್ಣ ಸಸ್ತನಿ. ವಿಜ್ಞಾನಿಗಳು ಇದನ್ನು ಸುಂಕಸ್ ಮ್ಯೂರಿನಸ್ ಎಂದು ಕರೆಯುತ್ತಾರೆ. ನೀಳವಾದ ಚೂಪು ಮೂತಿ, ಸಾಸಿವೆಯಷ್ಟು ಕಣ್ಣು, ಪಕ್ಕೆಯ ಗ್ರಂಥಿಗಳಿಂದ ಹೊರಡುವ ಘಾಟು ವಾಸನೆ, ಇವು ಗುರುತಿನ ಲಕ್ಷಣಗಳು. ತಾಯಿಯು ಮರಿಗಳನ್ನು ಸ್ಥಳಾಂತರಿಸುವಾಗ ಮೊದಲ ಮರಿ ತಾಯಿಯನ್ನು ಬಾಲದ ಬುಡದ ಬಳಿ ಕಚ್ಚಿ ಹಿಡಿಯುತ್ತದೆ, ಎರಡನೆಯದು ಮೊದಲನೆಯದನ್ನು. ಹೀಗೆ ಸಾಲಾಗಿ ಸಾಗುವ ದೃಶ್ಯವು ಯಾದಗಿರಿ ನಿಲ್ದಾಣದಲ್ಲಿ ಹಾದುಹೋಗುವ ಗೂಡ್ಸ್ ಗಾಡಿಯನ್ನು ನೆನಪಿಸುತ್ತದೆ. ಜಿರಳೆ ಮತ್ತಿತರ ಹುಳುಗಳೇ ಇದರ ಪ್ರಮುಖ ಆಹಾರ. ಅಡುಗೆಮನೆಯಲ್ಲಿ ಬಿದ್ದ ತಿನಿಸಿಗೂ ಬಾಯಿ ಹಾಕುವುದುಂಟು. ಆದರೆ ಕಾಳಿನ ಚೀಲ ಕೊರೆಯುವುದು ಇದರ ಕೆಲಸವಲ್ಲ.

ಸುಂಡಿಲಿಗಳ ಬಳಗದ ಜೀವನವು ಬಹು ವೇಗದ್ದು. ಸುಮಾರು 2 ಗ್ರಾಂ ತೂಗುವ ಎಟ್ರಸ್ಕನ್ ಸುಂಡಿಲಿಯ ಹೃದಯವು ನಿಮಿಷಕ್ಕೆ 1,500 ಬಾರಿಯವರೆಗೂ ಬಡಿಯಬಲ್ಲದು. ವಿಶ್ರಾಂತಿಯಲ್ಲಿರುವ ಮನುಷ್ಯನಲ್ಲಿ ಇದು 60ರಿಂದ 100. ಇಷ್ಟು ವೇಗವನ್ನು ಕಂಡು ಆ ಪ್ರಾಣಿ ಸದಾ ಒತ್ತಡದಲ್ಲಿದೆ ಎಂದು ಭಾವಿಸುವುದು ತಪ್ಪು. ಅದು ಅದರ ಸಹಜ ಸ್ಥಿತಿ. ಬೋನಿನಲ್ಲಿ ಸಿಲುಕಿ ಆಹಾರ ದೊರೆಯದಿರುವುದು ಅದಕ್ಕೆ ನಿಜವಾದ ಒತ್ತಡ. ಏಕೆಂದರೆ ಅದು ಹೆಚ್ಚು ಹೊತ್ತು ಹಸಿವು ತಾಳಲಾರದು.

ದೇಹದ ಮೇಲಾಗುವ ಇಂತಹ ಪರಿಣಾಮವನ್ನು ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು. ಚಳಿ, ಗಾಯ, ಅತಿ ಶ್ರಮ, ಹೀಗೆ ಕಾರಣ ಯಾವುದೇ ಇರಲಿ, ದೇಹವು ಒಂದೇ ಬಗೆಯಲ್ಲಿ ಸ್ಪಂದಿಸುತ್ತದೆ ಎಂಬುದು ಅವರು ಕಂಡ ಅಂಶ. ಅವರ ಪ್ರಯೋಗಗಳು ನಡೆದದ್ದು ಇಲಿಗಳ ಮೇಲೆ, ಸುಂಡಿಲಿಗಳ ಮೇಲಲ್ಲ. ಇದಕ್ಕೆ ಅವರು ಮುಂದೆ ಬಳಸಿದ ‘ಸ್ಟ್ರೆಸ್’ ಎಂಬ ಪದವು ಅದಕ್ಕೂ ಮೊದಲು ಎಂಜಿನಿಯರುಗಳದಾಗಿತ್ತು.

ಕನ್ನಡದ ‘ಒತ್ತಡ’ ಪದಕ್ಕೆ ಇನ್ನೂ ಹೆಚ್ಚಿನ ಹೊರೆಯಿದೆ. ನಾರಾಯಣಪುರ ಜಲಾಶಯದ ನೀರು ಅಣೆಕಟ್ಟೆಯ ಗೋಡೆಯ ಮೇಲೆ ಹಾಕುವುದು ಒತ್ತಡ. ಆಳ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ವೈದ್ಯರು ಅಳೆಯುವುದು ರಕ್ತದೊತ್ತಡ. ಇದು ಪದೇ ಪದೇ 140/90 ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ಚಿಕಿತ್ಸೆಯ ವಿಷಯ. ಮನಸ್ಸು ಶಾಂತವಾಗಿರುವವರಲ್ಲೂ ಅದು ಏರಿರಬಹುದು. ಹೂಬಿಡುವ ಹಂತದ ತೊಗರಿಗೆ ನೀರು ಸಾಲದಿದ್ದರೆ ಕೃಷಿ ತಜ್ಞರು ‘ತೇವಾಂಶದ ಒತ್ತಡ’ ಎನ್ನುತ್ತಾರೆ. ಇದೇ ‘ಒತ್ತು’ ಧಾತುವಿನಿಂದ ಬಂದ ‘ಒತ್ತುವರಿ’ಯಂತೂ ಕಂದಾಯ ಇಲಾಖೆಯ ನಿತ್ಯದ ಮಾತು.

ಆದ್ದರಿಂದ ‘ಬೆಳೆ ಒತ್ತಡದಲ್ಲಿದೆ’ ಎಂದಷ್ಟೇ ಬರೆಯದೆ, ಮಳೆಯ ಕೊರತೆಯೇ, ಹೊಲದಲ್ಲಿ ನೀರು ನಿಂತದ್ದೇ ಎಂಬುದನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು. ಫಸಲ್ ಬಿಮಾ ಯೋಜನೆಯಡಿ ಆಲಿಕಲ್ಲು ಮಳೆ, ಜಲಾವೃತ ಮುಂತಾದ ಸ್ಥಳೀಯ ವಿಪತ್ತಿನ ಬಗ್ಗೆ 72 ಗಂಟೆಗಳೊಳಗೆ ತಿಳಿಸಬೇಕಾಗಿರುವುದರಿಂದ, ಅಸ್ಪಷ್ಟ ಪದದಿಂದಾಗುವ ವಿಳಂಬವು ರೈತರಿಗೇ ನಷ್ಟ. ಸಾಲ, ಬೆಳೆನಷ್ಟ ಅಥವಾ ಕುಟುಂಬದ ಚಿಂತೆಯಿಂದ ನಿದ್ರೆಯಿಲ್ಲದೆ ಬಳಲುವವರು ಅರ್ಜಿ ಬರೆಯುವವರೆಗೆ ಕಾಯಬೇಕಾಗಿಲ್ಲ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಇಲಿ ಹಾವಳಿಯ ದೂರಿನಲ್ಲಿಯೂ ಕಂಡದ್ದು ಯಾವ ಪ್ರಾಣಿ ಎಂಬುದನ್ನು ಬರೆಯುವುದು ಸೂಕ್ತ. ಭತ್ತದ ಬದುಗಳಲ್ಲಿ ಬಿಲ ತೋಡಿ ತೆನೆ ಕತ್ತರಿಸುವುದು ಇಲಿ, ಹೆಗ್ಗಣಗಳೇ ಹೊರತು ಸುಂಡಿಲಿಯಲ್ಲ. ಅವುಗಳ ನಿಯಂತ್ರಣಕ್ಕೆ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು. ಮನೆಯೊಳಗೆ ಒಂದು ಸುಂಡಿಲಿ ಕಂಡಿತೆಂದು ಜಿಂಕ್ ಫಾಸ್ಫೈಡ್ ಅಥವಾ ಇಲಿ ಪಾಷಾಣದ ಪೇಸ್ಟ್ ತಂದಿಡುವುದು ಸರ್ವಥಾ ಬೇಡ. ಜಿಂಕ್ ಫಾಸ್ಫೈಡ್‌ಗೆ ನಿರ್ದಿಷ್ಟ ಪ್ರತಿವಿಷವಿಲ್ಲ. ಮನೆಯಲ್ಲಿ ಮಕ್ಕಳು, ಜಾನುವಾರುಗಳಿರುತ್ತವೆ. ಮಗು ಅದನ್ನು ಬಾಯಿಗೆ ಹಾಕಿಕೊಂಡ ಸಂಶಯವಿದ್ದರೂ ಲಕ್ಷಣಗಳಿಗಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಬಚ್ಚಲು ಮೋರಿಯ ಬಾಯಿಗೆ ಸಣ್ಣ ಕಣ್ಣಿನ ತಂತಿ ಜಾಲರಿ ಹಾಕಿದಲ್ಲಿ ಸುಂಡಿಲಿಯು ಒಳಬರುವುದು ನಿಲ್ಲುತ್ತದೆ. ಇದು ರೋಗಾಣುಗಳನ್ನೂ ಚಿಗಟಗಳನ್ನೂ ಹೊತ್ತಿರಬಹುದಾದ್ದರಿಂದ ಬರಿಗೈಯಿಂದ ಮುಟ್ಟಬಾರದು. ಬೋನಿಗೆ ಬಿದ್ದಿದ್ದರೆ ಬೆಳಗಾಗುವವರೆಗೆ ಬಿಡದೆ, ಬೋನನ್ನು ಹೊರಗೊಯ್ದು ಬೇಲಿಯ ಬದಿಯಲ್ಲಿ ಬಾಗಿಲು ತೆರೆದಿಡುವುದು.