ಬಿಡಿ ಸಿಗರೇಟು, ಬೆಳೆಯುವ ಮಿದುಳು

ಬೆಂಗಳೂರಿನ ಸುಬ್ರಹ್ಮಣ್ಯಪುರ ಮುಖ್ಯರಸ್ತೆಯಾಗಲಿ, ಉತ್ತರಹಳ್ಳಿಯಾಗಲಿ, ಕೋಣನಕುಂಟೆ ಕ್ರಾಸ್ ಆಗಲಿ, ಸಂಜೆ ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ ನಿಂತವರಲ್ಲಿ ಎಳೆಯ ಮುಖಗಳೂ ಇರುತ್ತವೆ. ಒಂದು ಕೈಯಲ್ಲಿ ಟೀ ಲೋಟ. ಇಬ್ಬರಿಗೋ ಮೂವರಿಗೋ ಸೇರಿ ಒಂದು ಸಿಗರೇಟು. ಪ್ಯಾಕ್ ಕೊಳ್ಳುವಷ್ಟು ದುಡ್ಡು ಪಿಯುಸಿ ಹುಡುಗನ ಜೇಬಿನಲ್ಲಿರುವುದಿಲ್ಲ, ಒಂದು ಬಿಡಿ ಸಿಗರೇಟಿಗೆ ಇರುತ್ತದೆ. "ದಿನಾ ಸೇದಲ್ಲ, ಫ್ರೆಂಡ್ಸ್ ಜೊತೆ ಒಂದೇ ಒಂದು ದಮ್" ಎನ್ನುವ ಹುಡುಗ ಸುಳ್ಳು ಹೇಳುತ್ತಿಲ್ಲ. ಆದರೆ ಅವನ ಮಿದುಳಿಗೆ ಆ ಒಂದು ದಮ್ ಸಣ್ಣದಲ್ಲ.

ಹೊಗೆ ಎಳೆದ 10ರಿಂದ 20 ಸೆಕೆಂಡುಗಳಲ್ಲಿ ನಿಕೋಟಿನ್ ಮಿದುಳನ್ನು ಮುಟ್ಟುತ್ತದೆ. ನರಕೋಶಗಳು ಒಂದಕ್ಕೊಂದು ಸುದ್ದಿ ದಾಟಿಸಲು ಬಳಸುವ ರಾಸಾಯನಿಕಗಳಲ್ಲಿ ಅಸೆಟೈಲ್‌ಕೋಲಿನ್ ಒಂದು. ಗಮನ, ಕಲಿಕೆ, ನೆನಪು ಎಲ್ಲಕ್ಕೂ ಅದು ಬೇಕು. ಅದಕ್ಕೆಂದೇ ಇರುವ ಗ್ರಾಹಕಗಳಿಗೆ ನಿಕೋಟಿನ್ ಹೋಗಿ ಅಂಟಿಕೊಳ್ಳುತ್ತದೆ. 2006ರಲ್ಲಿ ಲಾಸ್ ಏಂಜಲೀಸ್‌ನ ಸಂಶೋಧಕರು ಧೂಮಪಾನಿಗಳ ಮಿದುಳನ್ನು ಪೆಟ್ ಸ್ಕ್ಯಾನ್‌ನಲ್ಲಿ ನೋಡಿದರು. ಒಂದೆರಡು ದಮ್ ಎಳೆದರೂ ಸಾಕು, ಈ ಗುಂಪಿನ ಮುಖ್ಯ ಗ್ರಾಹಕಗಳಲ್ಲಿ ಸುಮಾರು ಅರ್ಧದಷ್ಟನ್ನು ನಿಕೋಟಿನ್ ಹಿಡಿದಿತ್ತು. ಅವರೆಲ್ಲ ವಯಸ್ಕರು, ಅಂದರೆ ಬೆಳವಣಿಗೆ ಮುಗಿದ ಮಿದುಳಿನವರು.

ಹದಿನಾರರ ಮಿದುಳು ಇನ್ನೂ ಕಟ್ಟಿಕೊಳ್ಳುತ್ತಿರುತ್ತದೆ. ಹಣೆಯ ಹಿಂದಿನ ಭಾಗ, 'ಬೇಡ, ತಡಿ' ಎಂದು ನಮ್ಮನ್ನು ತಡೆಯುವ ಭಾಗ, ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಸುಖವನ್ನು ಗುರುತಿಸಿ 'ಇನ್ನೊಮ್ಮೆ' ಎನ್ನುವ ಜಾಲ ಅದಕ್ಕೆ ಬಹಳ ಮೊದಲೇ ಚುರುಕಾಗಿರುತ್ತದೆ. ನಿಕೋಟಿನ್ ಡೋಪಮಿನ್ ಎಂಬ ರಾಸಾಯನಿಕವನ್ನು ಸುರಿಸುವುದು ಇದೇ ಜಾಲದಲ್ಲಿ. ಜೊತೆಗೆ, ಮಾಲಿ ಗಿಡದ ಬೇಡದ ರೆಂಬೆ ಸವರುವಂತೆ, ಈ ವಯಸ್ಸಿನಲ್ಲಿ ಮಿದುಳು ಬಳಸದ ನರಸಂಪರ್ಕಗಳನ್ನು ಕಳಚಿ ಬಳಸುವಂಥವನ್ನು ಗಟ್ಟಿ ಮಾಡಿಕೊಳ್ಳುತ್ತಿರುತ್ತದೆ. ಆಗ ಪದೇ ಪದೇ ನಿಕೋಟಿನ್ ಬಂದರೆ ಗಟ್ಟಿಯಾಗುವುದು ಅದರ ದಾರಿಯೇ. ಎಳೆ ಇಲಿಗಳಿಗೆ ನಿಕೋಟಿನ್ ಕೊಟ್ಟು ನಿಲ್ಲಿಸಿದ ಪ್ರಯೋಗಗಳಲ್ಲಿ ಅವು ದೊಡ್ಡವಾದ ಮೇಲೂ ಗಮನ ಕುಂದಿರುವುದು ಕಂಡಿದೆ; ದೊಡ್ಡ ಇಲಿಗಳಿಗೆ ಕೊಟ್ಟಾಗ ಹಾಗಾಗಲಿಲ್ಲ. ಇಂಥ ಪ್ರಯೋಗವನ್ನು ಮಕ್ಕಳ ಮೇಲೆ ಮಾಡಲಾಗದು, ಮಾಡಲೂ ಕೂಡದು. ಆದರೆ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಶಾಲಾಮಕ್ಕಳನ್ನು ಗಮನಿಸುತ್ತ ಬಂದು 2000ದಲ್ಲಿ ವರದಿ ಪ್ರಕಟಿಸಿದ ತಂಡಕ್ಕೆ ಕಂಡದ್ದಿಷ್ಟು: ದಿನವೂ ಸೇದುವ ಹಂತ ತಲುಪುವ ಮೊದಲೇ, ಅಪರೂಪಕ್ಕೊಮ್ಮೆ ಸೇದತೊಡಗಿದ ವಾರಗಳೊಳಗೇ, ಕೆಲವು ಮಕ್ಕಳಲ್ಲಿ ಚಟದ ಲಕ್ಷಣಗಳು ಶುರುವಾಗಿದ್ದವು.

'ಟೆನ್ಷನ್‌ಗೆ ಸೇದ್ತೀನಿ' ಎನ್ನುವ ಮಾತನ್ನೂ ಇಲ್ಲೇ ನೋಡಬೇಕು. ರಕ್ತದಲ್ಲಿ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ರೂಢಿಯಾದ ಮಿದುಳಿನಲ್ಲಿ ಗ್ರಾಹಕಗಳ ಸಂಖ್ಯೆಯೇ ಹೆಚ್ಚಿರುವುದರಿಂದ ಅದು ಇಳಿದಂತೆ ಚಡಪಡಿಕೆ, ಸಿಡುಕು, ಪುಸ್ತಕದಲ್ಲಿ ಮನಸ್ಸು ನಿಲ್ಲದಿರುವುದು ಶುರು. ಇನ್ನೊಂದು ಸೇದಿದರೆ ಹಾಯೆನಿಸುತ್ತದೆ. ಪರೀಕ್ಷೆಯ ಒತ್ತಡ ಹೋಯಿತು ಎಂದುಕೊಳ್ಳುತ್ತಾನೆ ಹುಡುಗ. ಹೋದದ್ದು ಹಿಂದಿನ ಸಿಗರೇಟು ತಂದಿಟ್ಟ ಚಡಪಡಿಕೆ.

ಬಿಡಿ ಸಿಗರೇಟಿನ ಮಾರಾಟವನ್ನು ಕರ್ನಾಟಕ 2017ರಲ್ಲೇ ನಿಷೇಧಿಸಿತು. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದೆ. ಮಿದುಳಿನ ಲೆಕ್ಕದಲ್ಲಿ ಈ ಮೂರು ವರ್ಷ ಬಹಳ ದೊಡ್ಡದು. ನನ್ನ ಮಟ್ಟಿಗೆ ಇತ್ತೀಚಿನ ಒಳ್ಳೆಯ ಕಾನೂನುಗಳಲ್ಲಿ ಇದೂ ಒಂದು. ಆದರೆ 'ಅಂಗಡಿಗೆ ಹೋಗಿ ಒಂದು ಸಿಗರೇಟು ತಗೊಂಡ್ ಬಾ' ಎಂದು ಮಗನನ್ನೇ ಕಳಿಸುವ ಮನೆಯಲ್ಲಿ ಯಾವ ಕಾನೂನೂ ನಡೆಯದು.

ಈಗಾಗಲೇ ಸೇದುತ್ತಿರುವ ಮಕ್ಕಳಿಗೆ ಬೈಗುಳದಿಂದ ಏನೂ ಆಗುವುದಿಲ್ಲ. ಬಿಟ್ಟ ಮೊದಲ ಮೂರ್ನಾಲ್ಕು ದಿನ ಅತಿ ಕಷ್ಟದವು. ಆಮೇಲೆ ಚಡಪಡಿಕೆ ಮೆಲ್ಲಗೆ ಇಳಿಯುತ್ತದೆ. ಹೆಚ್ಚಿದ ಗ್ರಾಹಕಗಳು ವಾರಗಳಲ್ಲಿ ಸಹಜ ಮಟ್ಟಕ್ಕೆ ಮರಳುವುದು ವಯಸ್ಕರ ಸ್ಕ್ಯಾನ್‌ಗಳಲ್ಲಿ ಕಂಡಿದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಅಲ್ಲಿಯವರೆಗೆ ಹೋಗಲು ಹಿಂಜರಿಕೆಯಾದರೆ ರಾಷ್ಟ್ರೀಯ ಕ್ವಿಟ್‌ಲೈನ್ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ದಕ್ಷಿಣದ ಕರೆಗಳಿಗಾಗಿ ನಿಮ್ಹಾನ್ಸ್‌ನಲ್ಲೇ ಅದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು.